ಮೊಣಕೈ ಒಪ್ಪಿದ ನೀರು

ಬೆಳಗಿನ ಐದೂವರೆ. ಕೊಪ್ಪಳದ ಬಸ್ ನಿಲ್ದಾಣದ ಹಿಂದಿನ ಓಣಿಗೆ ಇನ್ನೂ ಹಾಲಿನವರೂ ಬಂದಿಲ್ಲ. ಹಳೆಯ ಮಾಳಿಗೆ ಮನೆಯೊಂದರ ಹಿತ್ತಲಲ್ಲಿ ಮಾತ್ರ ಒಲೆ ಉರಿಯುತ್ತಿದೆ. ಒಲೆಯ ಮೇಲೆ ತಾಮ್ರದ ಹಂಡೆ, ಹಂಡೆಯ ಮುಂದೆ ಮಾರೆವ್ವ. ಅರವತ್ನಾಲ್ಕು ವರ್ಷದ ಈ ತಾಯಿ ನಾಲ್ಕು ತಂಬಿಗೆ ಬಿಸಿನೀರನ್ನು ಬಕೆಟ್ಟಿಗೆ ಸುರಿಯುತ್ತಾರೆ, ಮೂರು ತಂಬಿಗೆ ತಣ್ಣೀರು ಬೆರೆಸುತ್ತಾರೆ. ಆಮೇಲೆ ಕುಪ್ಪಸದ ತೋಳು ಮೇಲೇರಿಸಿ ಬಲ ಮೊಣಕೈಯನ್ನು ನೀರಿಗೆ ಅದ್ದಿ ಕಣ್ಣು ಮುಚ್ಚುತ್ತಾರೆ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತಾರೆ. ಕಣ್ಣು ಬಿಟ್ಟು ಮತ್ತೊಂದು ತಂಬಿಗೆ ತಣ್ಣೀರು ಹಾಕುತ್ತಾರೆ. ಮತ್ತೆ ಮೊಣಕೈ.

ಮೊಣಕೈ ಒಪ್ಪುವ ತನಕ ನೀರು ಒಳಗೆ ಹೋಗುವಂತಿಲ್ಲ. ಇದು ಈ ಮನೆಯ ಕಾನೂನು. ಮಾಡಿದವರೂ ಮಾರೆವ್ವ, ಪಾಲಿಸುವವರೂ ಮಾರೆವ್ವ.

ಒಳಗೆ ಹೊರಸಿನ ಮೇಲೆ ಕಾಲು ಚಾಚಿ ಕುಳಿತ ಹುಲಗಮ್ಮ ಅವರಿಗೆ ಇಷ್ಟೆಲ್ಲ ತಾಳ್ಮೆ ಇಲ್ಲ. "ಯಕ್ಕಾ, ನೀರು ಕಾಸಾಕತ್ತೀಯೋ, ಆರಸಾಕತ್ತೀಯೋ?" ಎಂದು ಅಲ್ಲಿಂದಲೇ ಕೂಗುತ್ತಾರೆ.

"ಎರಡೂ ಮಾಡಾಕತ್ತೀನಿ. ಸುಮ್ಕ ಕುಂದ್ರು."

ಹುಲಗಮ್ಮ ಕುಷ್ಟಗಿ ಕಡೆಯ ಹಳ್ಳಿಯವರು, ನಿನ್ನೆ ಸಂಜೆಯ ಬಸ್ಸಿಗೆ ಬಂದಿದ್ದಾರೆ. ಎರಡು ವರ್ಷದ ಹಿಂದೆ ಗರ್ಭಕೊರಳಿನ ಕ್ಯಾನ್ಸರ್ ಎಂದು ಗೊತ್ತಾಗಿ ಹುಬ್ಬಳ್ಳಿಯಲ್ಲಿ ಗರ್ಭಕೋಶ ತೆಗೆಸಿಕೊಂಡವರು. ಆಮೇಲೆ ಇಪ್ಪತ್ತೈದು ಸಲ 'ಕರೆಂಟು' ಕೊಡಿಸಿಕೊಂಡರು. ವಿಕಿರಣ ಚಿಕಿತ್ಸೆಗೆ ಈ ಸೀಮೆಯ ಜನ ಇಟ್ಟುಕೊಂಡ ಹೆಸರು ಅದು. ರೋಗವೇನೋ ಹತೋಟಿಗೆ ಬಂದಿದೆ. ಆದರೆ ಶಸ್ತ್ರಚಿಕಿತ್ಸೆಯಲ್ಲಿ ಕಿಬ್ಬೊಟ್ಟೆಯೊಳಗಿನ ಸಣ್ಣ ಸಣ್ಣ ಗಂಟುಗಳನ್ನೂ ತೆಗೆದದ್ದರಿಂದ, ಕಾಲಿನಲ್ಲಿ ಸೇರುವ ನೀರು ಮೇಲಕ್ಕೆ ಹರಿಯುವ ದಾರಿ ಕಳೆದುಕೊಂಡಿದೆ. ಎಡಗಾಲು ತೊಡೆಯಿಂದ ಹಿಮ್ಮಡಿಯವರೆಗೆ ಬಾತಿದೆ. ಆ ಕಾಲಿನ ಕಾಲುಂಗುರ ತೆಗೆದಿಟ್ಟು ಎಂಟು ತಿಂಗಳಾಗಿದೆ. "ಡಾಕ್ಟರ್ರು ಜೀವಾ ಉಳಿಸ್ಯಾರ್ರಿ, ಅದರಾಗ ಎರಡು ಮಾತಿಲ್ಲ. ಆದ್ರ ಈ ಕಾಲು ತಗೊಂಡು ಹೊಲಕ್ಕ ಕಳೇ ತಗ್ಯಾಕ ಹೆಂಗ ಹೋಗಲಿ?" ಎನ್ನುತ್ತಾರೆ ಹುಲಗಮ್ಮ.

ಮಾರೆವ್ವ ಆ ಕಾಲನ್ನು ತೊಳೆದು, ಬೆರಳಿನ ಸಂದುಸಂದನ್ನೂ ಮೆತ್ತನೆ ಬಟ್ಟೆಯಿಂದ ಒರೆಸುತ್ತಾರೆ. ಅಂಗೈಗೆ ಎರಡೇ ಹನಿ ಕೊಬ್ಬರಿ ಎಣ್ಣೆ. ಕೆಲಸ ಶುರುವಾಗುವುದು ಬಾತ ಕಾಲಿನಿಂದಲ್ಲ, ಕೊರಳಿನಿಂದ. ಕೊರಳು, ಕಂಕುಳು, ಹೊಟ್ಟೆ, ಆಮೇಲೆ ತೊಡೆ. ಪಾದದ ಸರದಿ ಎಲ್ಲಕ್ಕಿಂತ ಕೊನೆಗೆ. ಯಾಕೆ ಹೀಗೆ ಎಂದರೆ, "ಮುಂದಿನ ಗಾಡಿ ಸರೀದ ಹಿಂದಿನ ಗಾಡಿ ಹೆಂಗ ಹೊಕ್ಕೈತ್ರಿ? ಮೊದಲ ಮ್ಯಾಲಿನ ದಾರಿ ಖುಲ್ಲಾ ಮಾಡಬೇಕು" ಎಂದು ಹೇಳುತ್ತಾರೆ. ಕೈ ಚರ್ಮದ ಮೇಲೆ ಇದೆಯೋ ಇಲ್ಲವೋ ಎನ್ನುವಷ್ಟು ಹಗುರ. ಹುಲಗಮ್ಮ ಅವರಿಗೆ ಇದರ ಮೇಲೂ ತಕರಾರು.

"ಏನ್ ಯಕ್ಕಾ, ಬೆಕ್ಕಿನ ಮೈ ಸವರಿದಂಗ ಸವರತೀ. ಇಷ್ಟು ದೂರ ಬಂದೀನಿ, ಗಟ್ಯಾಗಿ ತಿಕ್ಕು."

"ಹಾಲಿನ ಕೆನಿ ನೋಡೀಯಿಲ್ಲ? ಅದನ್ನ ಹರೀದಂಗ ಬದಿಗೆ ಸರಸಬೇಕು. ಗಟ್ಯಾಗಿ ತಿಕ್ಕೋ ಕೈನೂ ಇದ್ವು ನಂವು. ಅವು ಈಗಿಲ್ಲ."

ಮುಕ್ಕಾಲು ಗಂಟೆಯ ನಂತರ ಪಟ್ಟಿ ಸುತ್ತುವ ಕೆಲಸ. ಮೊದಲು ಹಳೆಯ ಹತ್ತಿ ಸೀರೆಯಿಂದ ಹರಿದು, ಕುದಿಸಿ, ಬಿಸಿಲಿಗೆ ಒಣಗಿಸಿದ ಮೆತ್ತನೆ ಅರಿವೆ. ಅದರ ಮೇಲೆ ಆಸ್ಪತ್ರೆಯ ಪಟ್ಟಿ. ಪಾದದ ಹತ್ತಿರ ತುಸು ಬಿಗಿ, ಮೇಲೆ ಹೋದಂತೆ ಸಡಿಲ. ಅಂಚಿಗೆ ಅಂಚು ಕೂಡುವ ಹಾಗೆ, ಒಂದು ಸುಕ್ಕೂ ಬೀಳದ ಹಾಗೆ ಆ ಕೈಗಳು ಸುತ್ತುತ್ತಾ ಹೋಗುವುದನ್ನು ನೋಡಿದರೆ ಇದು ಈ ಮನೆಯ ಕೆಲಸದ ಆರು ವರ್ಷದಲ್ಲಿ ಕಲಿತದ್ದಲ್ಲ ಎಂದು ಯಾರಿಗಾದರೂ ತಿಳಿಯುತ್ತದೆ. ಕಟ್ಟುವುದನ್ನು ಈ ಕೈಗಳು ಬೇರೆಲ್ಲೋ, ಬೇರೆ ಯಾವುದೋ ಕಾಲದಲ್ಲಿ ಕಲಿತಿವೆ.

ಆ ಬೇರೆಲ್ಲೋ ಅಂದರೆ ಕಿನ್ನಾಳ. ಗೊಂಬೆ ಮಾಡುವವರ ಓಣಿಯ ಮಗ್ಗುಲಲ್ಲೇ ಮಾರೆವ್ವ ಅವರ ಮನೆ. ಹುಣಸೆಬೀಜದ ಅಂಟು ಕುದಿಯುವ ವಾಸನೆಯಲ್ಲಿ ಅವರ ದಿನ ಶುರುವಾಗುತ್ತಿತ್ತು. ಹದಿನಾರಕ್ಕೆ ಸೊಸೆಯಾಗಿ ಬಂದವರಿಗೆ ಅತ್ತೆ ಕೊಟ್ಟದ್ದು ಒಂದು ತಾಮ್ರದ ಹಂಡೆ ಮತ್ತು ಒಂದು ಕಸುಬು. ಹೆರಿಗೆ ಮಾಡಿಸುವುದು, ಬಾಣಂತಿಗೆ ಎರೆಯುವುದು. ಮೂವತ್ತು ವರ್ಷ ಕಿನ್ನಾಳದ ಆರು ಓಣಿಗಳಲ್ಲಿ ಮಾರೆವ್ವ ಅವರ ತೊಡೆಯ ಮೇಲೆ ಮೊದಲ ನೀರು ಕಾಣದ ಕೂಸು ಇರಲಿಲ್ಲ. ಎಷ್ಟು ಎಂದು ಕೇಳಿದರೆ ನಗುತ್ತಾರೆ. "ಯಾರು ಎಣಿಸ್ಯಾರ್ರಿ? ಈಗ ಬಸ್ಸಿನ್ಯಾಗ ಮೀಸಿ ಹೊತ್ತು ನಿಂತಿರತಾವು. ಮಾರಿ ನೋಡಿ, ಅಲ್ಲಲೇ, ಇವನ ತಲಿ ತಿದ್ದೀನಲ್ಲ ನಾನು ಅಂತ ನೆನಪಾಗತೈತಿ."

ಆ ಕಾಲದ ಬಾಣಂತನದ ಮಾತು ತೆಗೆದರೆ ಸಾಕು, ಮಾರೆವ್ವ ಅವರ ಮುಖದ ಬಣ್ಣವೇ ಬದಲಾಗುತ್ತದೆ. ಬೇವಿನ ಸೊಪ್ಪು ಹಾಕಿ ಕುದಿಸಿದ ನೀರು. ಮೈಗೆಲ್ಲ ಎಣ್ಣೆ ಹಚ್ಚಿ, ಕಡಲೆಹಿಟ್ಟು ಹಾಕಿ ತಿಕ್ಕಿದರೆ ಬಾಣಂತಿಯ ಬೆನ್ನು ಕೆಂಪಗಾಗಬೇಕು. ಎರೆದಾದ ಮೇಲೆ ಹೊರಸಿನ ಕೆಳಗೆ ಕೆಂಡ, ಕೆಂಡದ ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ, ಒಂದು ಚಿಟಿಕೆ ಲೋಬಾನ. ಆ ಹೊಗೆಯಲ್ಲಿ ತಾಯಿಯೂ ಕೂಸೂ ಮಧ್ಯಾಹ್ನದವರೆಗೆ ನಿದ್ದೆ ಮಾಡುತ್ತಿದ್ದರು. ಅಡುಗೆಮನೆಯಿಂದ ಅಂಟಿನುಂಡೆಯ ಘಮ. "ಬಾಣಂತಿ 'ಯವ್ವಾ, ಸಾಕು' ಅಂತ ಚೀರಬೇಕ್ರಿ. ಅವಾಗ ನೀರು ಸರಿ ಕಾದಾವು ಅಂತಿದ್ವಿ. ನನ್ನ ಬೆರಳು ಕುದಿಯೋ ನೀರಿಗೆ ಹಾಕಿದ್ರೂ ಸುಡತಿರಲಿಲ್ಲ, ಅಷ್ಟು ದಡ್ಡುಗಟ್ಟಿದ್ವು" ಎನ್ನುತ್ತಾರೆ, ಬೆರಳುಗಳನ್ನು ತಾವೇ ತಿರುಗಿಸಿ ನೋಡಿಕೊಳ್ಳುತ್ತಾ.

ಎಲ್ಲಕ್ಕಿಂತ ಕೊನೆಗೆ ಹೊಟ್ಟೆ ಕಟ್ಟುವುದು. ಬಾಣಂತಿಯ ತವರಿನಿಂದ ಬಂದ ಹಳೆಯ ಹತ್ತಿ ಸೀರೆಯೊಂದನ್ನು ಉದ್ದಕ್ಕೆ ಮಡಚಿ ಸೊಂಟದ ಸುತ್ತ ಸುತ್ತಬೇಕು. ಬಾಣಂತನ ಮುಗಿದ ಮೇಲೆ ಆ ಸೀರೆ ಒಗೆದು ಟ್ರಂಕಿನ ತಳ ಸೇರುತ್ತಿತ್ತು, ಮುಂದಿನ ಬಾಣಂತನಕ್ಕೆ. ಅದನ್ನು ಉಡುವಂತಿಲ್ಲ, ಹರಿಯುವಂತಿಲ್ಲ, ಯಾರಿಗೂ ಕೊಡುವಂತಿಲ್ಲ. ಮನೆಮಗಳು ಉಟ್ಟ ರೇಷ್ಮೆ ಸೀರೆ ಯಾವುದೆಂದು ಮರೆತಾಳು, ಹೊಟ್ಟೆ ಕಟ್ಟಿದ ಸೀರೆ ಮರೆಯುವುದಿಲ್ಲ.

ಈಗ ಆ ಕಸುಬು ಇಲ್ಲ. ಹೆರಿಗೆಗಳು ಆಸ್ಪತ್ರೆಗೆ ಹೋದವು. ಕೆಂಡ, ಹೊಗೆ, ಹೊಟ್ಟೆ ಕಟ್ಟುವುದು ಯಾವುದೂ ಬೇಡ ಎಂದು ಅಲ್ಲಿಯವರು ಹೇಳಿ ಕಳಿಸತೊಡಗಿದರು. ಮಾರೆವ್ವ ಅವರಿಗೆ ಇದರ ಬಗ್ಗೆ ಸಿಟ್ಟಿಲ್ಲ. "ಛಲೋನ ಆತ್ರಿ. ಇಬ್ಬರು ಹೆಣ್ಣುಮಕ್ಕಳು ನನ್ನ ತೊಡಿ ಮ್ಯಾಲ ಕಣ್ಣು ಮುಚ್ಚ್ಯಾರ. ಇವತ್ತಿನ ಆಸ್ಪತ್ರಿ ಇದ್ದಿದ್ರ ಉಳೀತಿದ್ರು." ಅಷ್ಟು ಹೇಳಿದರೂ ಆ ಹೊಗೆಯ ವಾಸನೆ ಅವರ ಮೂಗಿನಿಂದ ಹೋಗಿಲ್ಲ. ಓಣಿಯಲ್ಲಿ ಯಾರಾದರೂ ಲೋಬಾನ ಹಾಕಿದರೆ ಇವತ್ತಿಗೂ ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಾರೆ.

ಆ ಓಣಿಗಳಲ್ಲಿ ಅವರಿಗೆ ಎಲ್ಲರಿಗಿಂತ ಅಚ್ಚುಮೆಚ್ಚಿನ ಬಾಣಂತಿ ದ್ರಾಕ್ಷಾಯಿಣಿ. ತಾಯಿಯಿಲ್ಲದ ಹುಡುಗಿ. ಅವಳ ಗಂಡ ಅಯ್ಯಪ್ಪ ಗಿಣಿಗೇರಾದ ಕಾರ್ಖಾನೆಯಲ್ಲಿ ಪಾಳಿ ಕೆಲಸದವನು. ಇಪ್ಪತ್ತೆಂಟು ವರ್ಷದ ಹಿಂದೆ ಮೊದಲ ಹೆಣ್ಣುಮಗು ಹುಟ್ಟಿದಾಗ ಬಾಣಂತನಕ್ಕೆ ಬರುವವರಿರಲಿಲ್ಲ. ಮಾರೆವ್ವನೇ ತಾಯಿಯಾಗಿ ನಿಂತರು. ತೀರಿಹೋದ ತಾಯಿಯ ಹಸಿರು ಸೀರೆಯಿಂದಲೇ ಹೊಟ್ಟೆ ಕಟ್ಟಿದರು. ಒಂದು ದಿನ ಕೆಂಡದ ಕಿಡಿ ಸಿಡಿದು ಆ ಸೀರೆಯ ಕೆಂಪು ಅಂಚಿನಲ್ಲಿ ಕಡಲೆಕಾಳಿನಷ್ಟು ತೂತಾಯಿತು. ಮಾರೆವ್ವ ಹಣೆ ಚಚ್ಚಿಕೊಂಡರೆ ದ್ರಾಕ್ಷಾಯಿಣಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳಂತೆ. "ಇರಲಿ ಬಿಡಕ್ಕಾ, ಇದು ನಿನ್ನ ಸೀರಿ ಅಂತ ಗುರ್ತಿರಲಿ ಅಂದ್ಲು. ಭಾಳ ನಗೋ ಹುಡುಗಿರಿ ಆಕಿ" ಎಂದು ಹೇಳುವಾಗ ಮಾರೆವ್ವ ಅವರೂ ನಗುತ್ತಾರೆ. ನಗು ಬೇಗ ಮುಗಿಯುತ್ತದೆ.

ಹನ್ನೊಂದು ವರ್ಷದ ಹಿಂದೆ ಆ ದ್ರಾಕ್ಷಾಯಿಣಿಗೇ ಗರ್ಭಕೊರಳಿನ ಕ್ಯಾನ್ಸರ್ ಎಂದರು. ಆಗ ವಯಸ್ಸು ಮೂವತ್ತೇಳು. ಹುಬ್ಬಳ್ಳಿಯಲ್ಲಿ ಉಳಿದುಕೊಂಡು ಕರೆಂಟು ಕೊಡಿಸಿಕೊಳ್ಳುತ್ತಿದ್ದಳು. ಒಂಬತ್ತು ಸಲ ಆಗಿತ್ತು. ಎಳ್ಳಮವಾಸ್ಯೆ ಬಂತೆಂದು ಎರಡು ದಿನದ ರಜೆಗೆ ಊರಿಗೆ ಬಂದಳು. ಮಾರೆವ್ವ ಓಡಿಹೋಗಿ ನೋಡಿದರೆ ಆ ಮನೆಯಲ್ಲಿ ಅವಳ ತಟ್ಟೆ ಬೇರೆ, ಲೋಟ ಬೇರೆ, ಹಾಸಿಗೆ ಪಡಸಾಲೆಯ ಮೂಲೆಯಲ್ಲಿ. ಈ ರೋಗ ಮುಟ್ಟಿದರೆ ಬರುವುದಿಲ್ಲ ಎಂದು ಆಸ್ಪತ್ರೆಯವರು ಹೇಳಿದ್ದರೂ ಓಣಿಯ ಜನ ಹೊಸ್ತಿಲಾಚೆ ನಿಂತೇ ಮಾತಾಡಿಸಿ ಹೋಗುತ್ತಿದ್ದರು. ತಲೆ ಜಡೆಗಟ್ಟಿತ್ತು. ಮೈಗೆ ಸೋಪು ಕಂಡು ಎಷ್ಟು ದಿನವಾಗಿತ್ತೋ. ಹೊಕ್ಕುಳ ಕೆಳಗೆ, ಸೊಂಟದ ಎರಡೂ ಬದಿಗೆ ನೇರಳೆ ಬಣ್ಣದ ಗೆರೆಗಳು.

"ನನ್ನ ಕರುಳು ಕಿತ್ತು ಬಂತ್ರಿ" ಎನ್ನುತ್ತಾರೆ ಮಾರೆವ್ವ. "ನನ್ನ ಮಗಳನ್ನ ಹಿಂಗ ಹೊಲಸಿನ್ಯಾಗ ಕುಂದ್ರಿಸ್ಯಾರಲ್ಲ ಅನಿಸ್ತು. ಹಬ್ಬದ ಮುಂಜಾನಿ ಹಂಡೇದ ಒಲಿ ಹೊತ್ತಿಸಿದೆ. ಎಣ್ಣಿ ಹಚ್ಚಿ, ಕಡ್ಲಿಹಿಟ್ಟು ಹಾಕಿ, ಬಾಣಂತಿಗೆ ಎರದಂಗ ಎರದೆ. ಆ ಬಣ್ಣದ ಗೆರಿ ಹೋಗವಲ್ಲವು, ಹೋಗವಲ್ಲವು. ಮತ್ತಷ್ಟು ತಿಕ್ಕಿದೆ."

ಗೆರೆಗಳು ಹೋದವು. ಯಂತ್ರದ ಕಿರಣ ಎಲ್ಲಿ ಬೀಳಬೇಕು ಎಂದು ಆಸ್ಪತ್ರೆಯವರು ಅಳೆದು ಹಾಕಿದ ಗುರುತುಗಳು ಅವು. ಸೋಮವಾರ ಹುಬ್ಬಳ್ಳಿಗೆ ಹೋದವಳ ಮೈಮೇಲೆ ಗುರುತೇ ಇಲ್ಲ. ಕುದಿನೀರಿಗೆ, ತಿಕ್ಕಿದ್ದಕ್ಕೆ ಮೊದಲೇ ಸೋತಿದ್ದ ಚರ್ಮ ಬೊಬ್ಬೆ ಎದ್ದಿತ್ತು. ಮತ್ತೆ ಅಳತೆ, ಮತ್ತೆ ಲೆಕ್ಕಾಚಾರ, ಚರ್ಮ ಮಾಯುವವರೆಗೆ ಕಾಯುವುದು. ಹತ್ತು ದಿನ ಚಿಕಿತ್ಸೆ ನಿಂತಿತು. ನಡುವೆ ಇಷ್ಟು ದಿನ ಬಿಡುವುದು ಅಪಾಯ ಎಂದು ಡಾಕ್ಟರು ಅಯ್ಯಪ್ಪನಿಗೆ ಗದರಿದರು. ಅಯ್ಯಪ್ಪ ಊರಿಗೆ ಬಂದು ನಡುಬೀದಿಯಲ್ಲಿ ನಿಂತು ಮಾರೆವ್ವ ಅವರಿಗೆ ಬೈದ. "ನನ್ನ ಹೇಂತಿಗೆ ಏನಾರ ಆದ್ರ ನಿನ್ನ ಕೈ ಕಡೀತೀನಿ" ಎಂದ. ಹೊಸ್ತಿಲಲ್ಲಿ ನಿಂತಿದ್ದ ದ್ರಾಕ್ಷಾಯಿಣಿ ಒಂದು ಮಾತೂ ಆಡಲಿಲ್ಲ. ಮಾರೆವ್ವ ಅವರ ಮುಖ ನೋಡಿ, ತಲೆ ತಗ್ಗಿಸಿ ಒಳಗೆ ಹೋದಳು.

ದ್ರಾಕ್ಷಾಯಿಣಿ ಬದುಕಿದಳು. ಚಿಕಿತ್ಸೆ ಮುಗಿಯಿತು, ರೋಗ ಮತ್ತೆ ಬರಲಿಲ್ಲ. ಆದರೆ ಅವಳು ಮಾರೆವ್ವ ಅವರನ್ನು ಮಾತಾಡಿಸಲಿಲ್ಲ. "ಅಯ್ಯಪ್ಪ ಬೈದದ್ದು ನಾಕು ದಿನಕ್ಕ ಮರತು ಹೋತ್ರಿ. ಆಕಿ ಸುಮ್ನಿದ್ಲಲ್ಲ, ಅದು ಮರೀವಲ್ದು. ನೀನೂ ಒಂದು ಬೈಯವಾ ಅಂತ ಎಷ್ಟು ಸಲ ಮನಸಿನ್ಯಾಗ ಅಂದೀನಿ" ಎನ್ನುತ್ತಾರೆ. ಅದಾದ ಮೇಲೆ ಅವರು ಯಾರಿಗೂ ಎರೆಯಲಿಲ್ಲ. ಹಂಡೆಯನ್ನು ಬೋರಲು ಹಾಕಿಟ್ಟು ಕೂಲಿಗೆ ಹೋದರು. ಶೇಂಗಾ ಬಿಡಿಸಿದರು, ಮೆಣಸಿನಕಾಯಿ ಹರಿದರು. ಆ ಬೋರಲು ಹಂಡೆಯ ಮೇಲೆ ಐದು ವರ್ಷ ಕೋಳಿಗಳು ಕೂತವು.

ಹಂಡೆಯನ್ನು ಮತ್ತೆ ಎತ್ತಿಸಿದವರು ದೀಪಿಕಾ. ಅದೇ ಹಸಿರು ಸೀರೆಯ ಬಾಣಂತನದ ಕೂಸು, ದ್ರಾಕ್ಷಾಯಿಣಿಯ ಮೊದಲ ಮಗಳು. ತಾಯಿಯ ಕಾಯಿಲೆ ನೋಡಿಯೇ ಫಿಸಿಯೋಥೆರಪಿ ಓದಿದವರು, ಈಗ ಕೊಪ್ಪಳದ ಖಾಸಗಿ ಆಸ್ಪತ್ರೆಯೊಂದರಲ್ಲಿ ಕೆಲಸ. ಗರ್ಭಕೋಶದ ಕ್ಯಾನ್ಸರಿನಿಂದ ಗುಣವಾಗಿದ್ದ ನಿವೃತ್ತ ಅಂಗನವಾಡಿ ಶಿಕ್ಷಕಿ ನಸೀಮಾಬಿ ಅವರ ಎರಡೂ ಕಾಲು ಬಾತಾಗ, ದಿನಾ ಬೆಳಿಗ್ಗೆ ನೀವಿ ಪಟ್ಟಿ ಕಟ್ಟಲು ಒಬ್ಬರು ಬೇಕಾದರು. ದೀಪಿಕಾ ಸೀದಾ ಕಿನ್ನಾಳಕ್ಕೆ ಹೋದರು.

"ದೊಡ್ಡವ್ವಾ, ನಿನ್ನ ಕೈ ಬೇಕು."

"ನನ್ನ ಕೈ ಬ್ಯಾಡವಾ. ಅವು ಏನ್ ಮಾಡ್ಯಾವ ನಿನಗ ಗೊತ್ತಿಲ್ಲೇನು?"

"ಗೊತ್ತೈತಿ. ಅದಕ್ಕ ನಿನ್ನ ಹತ್ರ ಬಂದೀನಿ. ಒಮ್ಮಿ ತಪ್ಪು ಮಾಡಿದಾಕಿ ಎರಡನೇ ಸಲ ಕೇಳಿ ಮಾಡತಾಳ."

ಕಲಿಯುವುದು ಸುಲಭವಿರಲಿಲ್ಲ. ಮೂವತ್ತು ವರ್ಷ ಒತ್ತಿ ತಿಕ್ಕಿದ ಕೈಗೆ ಹಗುರವಾಗುವುದೇ ಕಷ್ಟ. ದೀಪಿಕಾ ಒಂದು ಅಗಲ ಪಾತ್ರೆಯಲ್ಲಿ ಹಾಲು ಕಾಯಿಸಿ ಆರಿಸಿ, ಕೆನೆ ಕಟ್ಟಿದ ಮೇಲೆ ಅದನ್ನು ಹರಿಯದೆ ಅಂಚಿಗೆ ಸರಿಸು ಎಂದರು. ಮೊದಲ ವಾರ ಕೆನೆಯೆಲ್ಲ ಚಿಂದಿ. "ಹಾಲು ಕುಡಿಯೋ ಪುಣ್ಯ ಮಾತ್ರ ನನಗ ಬಂತು" ಎಂದು ನಸೀಮಾಬಿ ಈಗಲೂ ಕಾಲೆಳೆಯುತ್ತಾರೆ. ನೀರಿನ ವಿಷಯದಲ್ಲಿ ದೀಪಿಕಾ ಇನ್ನೂ ಕಟ್ಟುನಿಟ್ಟು. ಬಾತ ಕಾಲಿಗೆ ಬಿಸಿನೀರು ಆಗದು, ಬಾವು ಹೆಚ್ಚುತ್ತದೆ. ಮಾರೆವ್ವ ಬೆರಳು ಅದ್ದಿ "ತಣ್ಣಗ ಅದಾವಲ್ಲ" ಎಂದ ನೀರಿಗೆ ದೀಪಿಕಾ ಕೈಯಿಟ್ಟು ಹೌಹಾರಿದರಂತೆ. ಅವತ್ತೇ ಬೆರಳನ್ನು ನಂಬುವುದು ಬಂದ್. ದಡ್ಡುಗಟ್ಟಿದ ಬೆರಳು ಸುಳ್ಳು ಹೇಳುತ್ತದೆ, ಮೊಣಕೈ ಹೇಳುವುದಿಲ್ಲ.

ಕೊಪ್ಪಳದ ಈ ಮಾಳಿಗೆ ಮನೆ ನಸೀಮಾಬಿ ಅವರದೇ. ಅವರೊಬ್ಬರಿಂದ ಶುರುವಾಗಿ ಆರು ವರ್ಷದಲ್ಲಿ ಇಲ್ಲಿಗೆ ಬಂದವರು ನೂರಾ ನಲವತ್ತು ಮಂದಿ ಹೆಣ್ಣುಮಕ್ಕಳು. ಗಂಗಾವತಿಯ ಕಾಲುವೆ ಕಡೆಯಿಂದ, ಯಲಬುರ್ಗಾದ ಎರೆಹೊಲಗಳ ಕಡೆಯಿಂದ, ಕುಷ್ಟಗಿಯಿಂದ. ಗರ್ಭಕೊರಳು, ಅಂಡಾಶಯ, ಗರ್ಭಕೋಶ. ಎಲ್ಲಿಯದೇ ಕ್ಯಾನ್ಸರ್ ಇರಲಿ, ಹೆಂಗಸರು ಅದನ್ನು "ಒಳಗಿನ ಬ್ಯಾನಿ" ಎಂದು ಒಂದೇ ಹೆಸರಿನಿಂದ ಕರೆದು ಸೆರಗು ಹೊದ್ದುಕೊಳ್ಳುತ್ತಾರೆ. ಮಾರೆವ್ವ ಸೋಮವಾರದಿಂದ ಶನಿವಾರದವರೆಗೆ ಇಲ್ಲೇ ಇರುತ್ತಾರೆ. ಹನ್ನೊಂದು ಗಂಟೆಯೊಳಗೆ ಆರು ಕಾಲುಗಳ ಆರೈಕೆ ಆಗಬೇಕು. ಕಾಲೊಂದಕ್ಕೆ ನಾಲ್ಕು ಸುರುಳಿ ಪಟ್ಟಿ. ಇಪ್ಪತ್ನಾಲ್ಕು ಸುರುಳಿಗಳನ್ನು ಒಗೆದು ಹಗ್ಗಕ್ಕೆ ಹಾಕುವಾಗ ಮಧ್ಯಾಹ್ನ. ಅಷ್ಟರಲ್ಲಿ ನಸೀಮಾಬಿ ಜೋಳದ ಅಂಬಲಿ ಕಾಯಿಸಿ ಮಜ್ಜಿಗೆ ಬೆರೆಸಿರುತ್ತಾರೆ. ಕಿಮೋ ಮಾಡಿಸಿಕೊಂಡು ವಾಂತಿಯಿಂದ ಸೊರಗಿ ಬಂದವರಿಗೆ ಡಾಕ್ಟರನ್ನು ಕೇಳಿ ಹಸಿಶುಂಠಿ ಹಾಕಿದ ಚಹಾ. ಸಂಜೆ ದೀಪಿಕಾ ಬಂದು ಎಲ್ಲರನ್ನೂ ಸಾಲಾಗಿ ಕೂರಿಸಿ ನಿಧಾನ ಉಸಿರಾಡುವುದನ್ನು ಹೇಳಿಕೊಡುತ್ತಾರೆ. ಅರ್ಧ ಮಂದಿ ಅಲ್ಲೇ ಗೊರಕೆ ಹೊಡೆಯುತ್ತಾರೆ. ನಿದ್ದೆಗೆಟ್ಟ ಹೆಂಗಸರು, ಅವರು ಮಲಗಿದರೆ ಯಾರೂ ಎಬ್ಬಿಸುವುದಿಲ್ಲ.

ಗೋಡೆಯಲ್ಲೊಂದು ಗೂಡು ಇದೆ. ಅದರ ತುಂಬ ಪೊಟ್ಟಣಗಳು. ಬೇರು, ಪುಡಿ, ಬೂದಿ, ಯಾರೋ ಕೊಟ್ಟ ಕಷಾಯ. ಬಂದವರು ಮಡಿಲಿನಿಂದ ತೆಗೆದದ್ದನ್ನೆಲ್ಲ ಮಾರೆವ್ವ ಅಲ್ಲಿಡಿಸುತ್ತಾರೆ. "ಬಿಸಾಕು ಅನ್ನಂಗಿಲ್ರಿ. ನಂಬಿ ತಂದಿರತಾರ. ಡಾಕ್ಟರ್ರನ್ನ ಕೇಳೋಣು, ಹೂಂ ಅಂದ್ರ ತಗೋ, ಅಲ್ಲೀತನಕ ಗೂಡಿನ್ಯಾಗ ಇರಲಿ ಅಂತೀನಿ. ಕೇಳದ ಮಾಡಿದ್ರ ಏನಾಗತೈತಿ ಅನ್ನೋದಕ್ಕ ನಾನ ಇಲ್ಲಿ ಕುಂತೀನಲ್ಲ." ಕರೆಂಟು ನಡೆಯುತ್ತಿರುವಾಗ ಬಂದವರ ಸೊಂಟದ ಕಡೆ ಅವರು ಕೈ ಕೂಡ ಒಯ್ಯುವುದಿಲ್ಲ. ಕೈಕಾಲು, ಮುಖ ಒರೆಸಿ, ತಲೆ ಬಾಚಿ, ಹತ್ತಿರ ಕೂತು ಹೇಳುತ್ತಾರೆ. "ನಮ್ಮೂರಾಗ ಗೊಂಬಿಗೆ ಬಣ್ಣಾ ಹಚ್ಚೋಕಿಂತ ಮೊದಲ ಗೆರಿ ಹಾಕತಾರವಾ. ಆ ಗೆರಿ ಅಳಿಸಿದ್ರ ಬಣ್ಣಾ ಎಲ್ಲಿ ಬೀಳಬೇಕು ಅಂತ ಕುಂಚಕ್ಕ ಹೆಂಗ ಗೊತ್ತಾಗಬೇಕು? ಇದೂ ಹಂಗ. ಯಾರು ಎಷ್ಟ ಪ್ರೀತಿಲೆ ತೊಳೀತೀನಿ ಅಂದ್ರೂ ಬ್ಯಾಡ ಅನ್ನು. ನಾ ಅಂದ್ರೂ ಬ್ಯಾಡ ಅನ್ನು." ನೂರಾ ನಲವತ್ತು ಮಂದಿಯಲ್ಲಿ ಒಬ್ಬರ ಗುರುತೂ ಅಳಿಸಿಲ್ಲ.

ಇಷ್ಟೆಲ್ಲ ಮಾಡಿದರೂ ಮಾರೆವ್ವ ಅವರ ಮನಸ್ಸಿನಲ್ಲಿ ಕೂತಿರುವುದು ಈ ಮನೆಗೆ ಬಾರದ ಒಂದು ಕಾಲು. ಮೂರು ವರ್ಷದಿಂದ ದ್ರಾಕ್ಷಾಯಿಣಿಯ ಬಲಗಾಲು ಬಾತಿದೆ. ಅದು ಚಿಕಿತ್ಸೆಯ ನಂತರ ಕೆಲವರಿಗೆ ಬರುವಂಥದ್ದೇ, ನಿನ್ನ ನೀರಿಗೂ ಇದಕ್ಕೂ ಸಂಬಂಧವಿಲ್ಲ ಎಂದು ದೀಪಿಕಾ ನೂರು ಸಲ ಹೇಳಿದ್ದಾರೆ. ಮಾರೆವ್ವ ನೂರು ಸಲವೂ ಹೂಂ ಅಂದಿದ್ದಾರೆ, ಒಮ್ಮೆಯೂ ನಂಬಿಲ್ಲ. ಭಾನುವಾರ ದೀಪಿಕಾ ಮನೆಯಲ್ಲಿ ತಾಯಿಯ ಕಾಲು ನೀವುತ್ತಾರೆ. ವಾರಕ್ಕೊಂದು ದಿನ ಸಾಲದು, ದಿನಾ ಆಗಬೇಕು. ಕೊಪ್ಪಳಕ್ಕೆ ಬಾ ಎಂದರೆ ತಾಯಿ ಗೋಡೆಯ ಕಡೆ ತಿರುಗುತ್ತಾಳೆ. ಭಾನುವಾರ ಕಿನ್ನಾಳಕ್ಕೆ ಹೋಗುವ ಮಾರೆವ್ವ ಆ ಮನೆಯ ಮುಂದೆಯೇ ಹಾಯ್ದು ತಮ್ಮ ಮನೆ ಸೇರಬೇಕು. ಕಟ್ಟೆಯ ಮೇಲೆ ದ್ರಾಕ್ಷಾಯಿಣಿ ಕುಳಿತಿದ್ದರೆ ಕಣ್ಣು ತಾನಾಗಿಯೇ ಅವಳ ಕಾಲಿನ ಕಡೆ ಹೋಗುತ್ತದೆ. "ನೋಡಿದ ಕೂಡ್ಲೇ ಗೊತ್ತಾಗತೈತ್ರಿ, ಈ ವಾರ ಎಷ್ಟು ಬಾತೈತಿ ಅಂತ. ಹೋಗಿ ತೊಡಿ ಮ್ಯಾಲ ಇಟಗೋಬೇಕು ಅನಸ್ತೈತಿ. ಆಕಿ ಸೆರಗು ಮುಚ್ಚಿಕೊಂತಾಳ. ನಾನು ನಡಕೊಂತ ಹೊಕ್ಕೀನಿ." ಏನು ಆಸೆ ಇದೆ ಎಂದು ಕೇಳಿದರೆ ಮನೆ, ಪಿಂಚಣಿ ಯಾವುದನ್ನೂ ಕೇಳುವುದಿಲ್ಲ. "ಸಾಯೋದ್ರಾಗ ಒಂದ ಸಲ ಆ ಕಾಲು ನನ್ನ ತೊಡಿ ಮ್ಯಾಲ ಬಂದ್ರ ಸಾಕ್ರಿ" ಎನ್ನುತ್ತಾರೆ. ಅಷ್ಟು ಹೇಳಿ ಎದ್ದು, ಒಣಗಿದ ಪಟ್ಟಿ ಸುತ್ತಲು ಹಗ್ಗದ ಕಡೆ ಹೋಗುತ್ತಾರೆ.

ಶನಿವಾರದ ಸಂಜೆ ಅದು. ಹುಲಗಮ್ಮ ಬಾತ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡೇ ಅಂಗಳದಲ್ಲಿ ನಾಲ್ಕು ಸುತ್ತು ಹಾಕಿ, ನಿನ್ನೆಗಿಂತ ಹಗುರ ಇದೆ ಎಂದು ಊರಿಗೆ ಫೋನಿನಲ್ಲಿ ಸಾರುತ್ತಿದ್ದಾರೆ. ದೀಪಿಕಾ ಬರುತ್ತಾರೆ. ರಜೆ ಹಾಕಿ ಎರಡು ದಿನ ಊರಲ್ಲಿದ್ದವರು. ಕೈಯಲ್ಲಿ ಬಟ್ಟೆ ಅಂಗಡಿಯ ಚೀಲ. ಅರಿವೆಗೆ ಹಳೆಯ ಸೀರೆ ತರುವುದು ಅವರಿಗೆ ರೂಢಿ. ಮಾರೆವ್ವ ಎಂದಿನಂತೆ ಚೀಲ ಬಿಚ್ಚಿ, ಮಡಿಕೆ ತೆಗೆದು, ಎಲ್ಲಿಂದ ಹರಿಯಬೇಕೆಂದು ಅಂಚು ಹುಡುಕುತ್ತಾರೆ. ಹಸಿರು ಸೀರೆ, ಕೆಂಪು ಅಂಚು. ಬೆರಳು ಅಂಚಿನ ಮೇಲೆ ಜಾರುತ್ತಾ ಹೋಗಿ ಒಂದು ಕಡೆ ನಿಲ್ಲುತ್ತದೆ. ಕಡಲೆಕಾಳಿನಷ್ಟು ತೂತು.

"ಇದನ್ನ ಯಾಕ ತಂದಿಯವಾ? ಆಕೀಗೆ ಕೇಳದ ತಂದಿಯೇನು?" ಮಾರೆವ್ವ ಅವರ ದನಿ ಏರುತ್ತದೆ.

"ಅವ್ವನ ತನ್ನ ಟ್ರಂಕಿನಿಂದ ತಗದು ಕೊಟ್ಲು, ದೊಡ್ಡವ್ವಾ. ಕಾಲಿಗೆ ಕಟ್ಟಾಕ ಇದ ಆಗಬೇಕಂತ." ದೀಪಿಕಾ ನೆಲದ ಮೇಲೆ ಮಾರೆವ್ವ ಅವರ ಪಕ್ಕ ಕೂರುತ್ತಾರೆ. "ಇನ್ನೊಂದು ಮಾತು ಹೇಳು ಅಂದಾಳ. ಗೆರಿ ಅಳಿಸಬಾರದು ಅಂತ ಅವತ್ತು ಆಕಿಗೆ ಗೊತ್ತಿತ್ತಂತ."

ಮಾರೆವ್ವ ತಲೆಯೆತ್ತುತ್ತಾರೆ.

"ನರ್ಸಮ್ಮ ಎರಡೆರಡು ಸಲ ಹೇಳಿ ಕಳಿಸಿದ್ಲಂತ, ಎಣ್ಣಿ ಬ್ಯಾಡ, ತಿಕ್ಕಬ್ಯಾಡ ಅಂತ. 'ಮೂರು ವಾರ ಆಗಿತ್ತು, ಯಾರೂ ನನ್ನ ಮೈ ಮುಟ್ಟಿರಲಿಲ್ಲ. ಅಕ್ಕ ಬಂದು ತಲಿ ಮ್ಯಾಲ ಕೈ ಇಟ್ಲು. ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ. ನಿಮ್ಮಪ್ಪ ಬೈಯೋ ಮುಂದ ನನಗ ಗೊತ್ತಿತ್ತು ಅನ್ನಾಕ ಧೈರ್ಯ ಬರಲಿಲ್ಲ. ಆಮ್ಯಾಲ ಅಕ್ಕನ ಮಾರಿ ನೋಡಾಕ ಮಾರಿ ಉಳೀಲಿಲ್ಲ' ಅಂದ್ಲು. ನಿನ್ನೆ ಅಪ್ಪನ ಮುಂದನೂ ಹೇಳ್ಯಾಳ. ಸೋಮವಾರ ಮುಂಜಾನಿ ಪಾಳಿ ಬಿಟ್ಟ ಮ್ಯಾಲ ಅಪ್ಪನ ತನ್ನ ಬೈಕಿನ ಮ್ಯಾಲ ಆಕೀನ್ನ ಕರಕೊಂಡು ಬರ್ತಾನಂತ."

ಒಲೆಯಲ್ಲಿ ಬೂದಿ ಮುಚ್ಚಿದ ಕೆಂಡ ಇನ್ನೂ ಇದೆ. ಹುಲಗಮ್ಮ ಫೋನು ಕಿವಿಯಿಂದ ಇಳಿಸಿ ನಿಂತಿದ್ದಾರೆ. ಅಡುಗೆಮನೆಯ ಬಾಗಿಲಲ್ಲಿ ನಸೀಮಾಬಿ. ಮಾರೆವ್ವ ಸೀರೆಯನ್ನು ಮುಖಕ್ಕೆ ಒತ್ತಿಕೊಳ್ಳುತ್ತಾರೆ. ಇಪ್ಪತ್ತೆಂಟು ವರ್ಷದ ಹಿಂದಿನ ಹೊಗೆಯ ವಾಸನೆ ಸೀರೆಯಲ್ಲಿ ಉಳಿದಿರುತ್ತದೆಯೇ? ಉಳಿದಿದೆ ಎಂದು ಆಮೇಲೆ ಆಣೆ ಮಾಡಿ ಹೇಳುತ್ತಾರೆ. "ಹುಚ್ಚಿ" ಎನ್ನುತ್ತಾರೆ ಕಡೆಗೆ, ಮೂಗು ಒರೆಸಿಕೊಂಡು. "ಹುಚ್ಚಿ ನೋಡು ಅದು. ಹನ್ನೊಂದು ವರ್ಷ ಇಬ್ಬರೂ ಕೂಡಿ ದಂಡಾ ಮಾಡಿದ್ವಿ."

"ಮತ್ತ," ಎಂದು ದೀಪಿಕಾ ಈಗ ನಗುತ್ತಿದ್ದಾರೆ, "ಕಡೀಕ ಒಂದು ಮಾತು ಹೇಳ್ಯಾಳ. ನೀರು ಭಾಳ ಕಾಸಬ್ಯಾಡ ಅಂತ ಹೇಳು ಅಕ್ಕಗ, ಅಂದಾಳ."

ಮಾರೆವ್ವ ಸೀರೆಯನ್ನು ಹರಿಯುವುದಿಲ್ಲ. ಹಳೆಯ ಮಡಿಕೆಗಳ ಮೇಲೆಯೇ ಮತ್ತೆ ಮಡಚಿ, ಪಟ್ಟಿಗಳ ಬುಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿಡುತ್ತಾರೆ. ಆಮೇಲೆ ಹಿತ್ತಲಿಗೆ ಹೋಗಿ, ಸೋಮವಾರ ಇನ್ನೂ ದೂರವಿದ್ದರೂ ಹಂಡೆಗೆ ಹುಣಸೆಹಣ್ಣು ಹಚ್ಚಿ ಬೆಳಗಲು ಕೂರುತ್ತಾರೆ. ಅಲ್ಲಿಂದಲೇ ಕೂಗುತ್ತಾರೆ.

"ಬೆರಳಿನ ಮಾತು ಕೇಳೋದು ಬಿಟ್ಟೀನಿ ಅಂತ ಹೇಳವಾ ನಿಮ್ಮವ್ವಗ. ಮೊಣಕೈ ಹೂಂ ಅನ್ನೋತನಕ ಒಂದು ಹನಿನೂ ಮುಟ್ಟಸಂಗಿಲ್ಲ ಅಂತ ಹೇಳು."